ನಡಿಗೆ ಕಲಿತ ನಟ ತತ್ಸುಯಾ ನಕದಾಯ್

ಜಪಾನಿನ ಅಕಿರಾ ಕುರೊಸಾವಾ ನಿರ್ದೇಶಿಸಿದ ‘ಸೆವೆನ್ ಸಮುರಾಯ್’ (1954) ಚಿತ್ರವನ್ನು ನೋಡಿದವರಿಗೆ ಆರಂಭದ ಒಂದು ದೃಶ್ಯ ನೆನಪಿರಬಹುದು. ಡಕಾಯಿತರ ಕಾಟದಿಂದ ಬಸವಳಿದ ಹಳ್ಳಿಯ ರೈತರು ತಮ್ಮ ಊರು ಕಾಯಲು ಸಮುರಾಯ್ ಯೋಧರನ್ನು ಹುಡುಕಿಕೊಂಡು ಪೇಟೆಗೆ ಬಂದಿದ್ದಾರೆ. ಬೀದಿಯಲ್ಲಿ ಹಾದುಹೋಗುವ ಒಬ್ಬೊಬ್ಬ ಖಡ್ಗಧಾರಿಯನ್ನೂ ಆಸೆಗಣ್ಣಿನಿಂದ ನೋಡುತ್ತಾರೆ. ಹಾಗೆ ಹಾದುಹೋಗುವವರಲ್ಲಿ ಒಬ್ಬ ಎತ್ತರದ ತರುಣನಿದ್ದಾನೆ. ತೆರೆಯ ಮೇಲೆ ಅವನಿರುವುದು ಕೆಲವೇ ಸೆಕೆಂಡು. ಮಾತಿಲ್ಲ. ನಟರ ಹೆಸರಿನ ಪಟ್ಟಿಯಲ್ಲಿ ಅವನ ಹೆಸರೂ ಇಲ್ಲ.

ಆ ಕೆಲವು ಸೆಕೆಂಡುಗಳಿಗಾಗಿ ಅವನನ್ನು ಬೆಳಿಗ್ಗೆ ಒಂಬತ್ತರಿಂದ ಮಧ್ಯಾಹ್ನ ಮೂರರವರೆಗೆ ನಡೆಸಲಾಯಿತು. ನಡೆದದ್ದು ನಿರ್ದೇಶಕರಿಗೆ ಒಪ್ಪಿಗೆಯಾಗಲಿಲ್ಲ. ಮತ್ತೆ ನಡೆ, ಇನ್ನೊಮ್ಮೆ ನಡೆ. ನೂರಾರು ಜನ ನಟರು, ಕೆಲಸಗಾರರು, ಕುದುರೆಗಳು ಎಲ್ಲವೂ ಕಾದು ನಿಂತಿದ್ದವು. ನಿನ್ನ ನಾಟಕ ಶಾಲೆಯಲ್ಲಿ ನಡೆಯುವುದನ್ನೂ ಕಲಿಸುವುದಿಲ್ಲವೇನು ಎಂದು ಕುರೊಸಾವಾ ಎಲ್ಲರೆದುರು ಕೇಳಿದರಂತೆ. ಆ ಹುಡುಗನಿಗೆ ಆಗ ಇಪ್ಪತ್ತರ ಆಸುಪಾಸು. ಇನ್ನು ಈ ಮನುಷ್ಯನ ಚಿತ್ರದಲ್ಲಿ ಎಂದೂ ಕಾಲಿಡುವುದಿಲ್ಲ ಎಂದು ಅವನು ಮನಸ್ಸಿನಲ್ಲೇ ಶಪಥ ಮಾಡಿದ. ಮುಂದೆ ಎಪ್ಪತ್ತು ವರ್ಷಗಳ ಕಾಲ ರಂಗಭೂಮಿ, ಬೆಳ್ಳಿತೆರೆ ಮತ್ತು ಧ್ವನಿಯ ಲೋಕ ಮೂರರಲ್ಲೂ ದುಡಿದ ತತ್ಸುಯಾ ನಕದಾಯ್ ಎಂಬ ಮಹಾನಟನ ಕಥೆ ಸರಿಸುಮಾರು ಇಲ್ಲಿಂದ ಆರಂಭವಾಗುತ್ತದೆ.

ನಡೆಯುವುದು ಅಷ್ಟು ಕಷ್ಟವೇ ಎಂದು ವಿದ್ಯಾರ್ಥಿಗಳು ಕೇಳಬಹುದು. ವಿಜ್ಞಾನದ ಮೇಷ್ಟ್ರಾಗಿ ನನಗೆ ಈ ಪ್ರಶ್ನೆ ಬಹಳ ಇಷ್ಟ. ನಾವು ಪ್ಯಾಂಟು, ಬೂಟು ತೊಟ್ಟು ನಡೆಯುವಾಗ ಹಿಮ್ಮಡಿಯೂರಿ, ದೇಹವನ್ನು ತುಸು ಮೇಲೆತ್ತಿ ಇಳಿಸುತ್ತ ಸಾಗುತ್ತೇವೆ. ತಲೆ ಪ್ರತಿ ಹೆಜ್ಜೆಗೂ ಮೇಲೆ ಕೆಳಗೆ ಆಡುತ್ತದೆ. ಸೊಂಟದ ಎಡಬದಿಗೆ ಎರಡು ಕತ್ತಿಗಳ ಭಾರ ಹೊತ್ತವನು ಹೀಗೆ ನಡೆದರೆ ಕತ್ತಿ ಕುಣಿಯುತ್ತದೆ, ಮೈ ವಾಲುತ್ತದೆ. ಅವನು ಸೊಂಟವನ್ನು ಕೆಳಗಿಳಿಸಬೇಕು, ಅಂದರೆ ದೇಹದ ಗುರುತ್ವಕೇಂದ್ರವನ್ನು ತಗ್ಗಿಸಬೇಕು. ಪಾದವನ್ನು ಎತ್ತಿಡುವುದಕ್ಕಿಂತ ಹೆಚ್ಚಾಗಿ ನೆಲದ ಮೇಲೆ ಜಾರಿಸಬೇಕು. ಯಾವ ದಿಕ್ಕಿನಿಂದ ಏಟು ಬಂದರೂ ಸಮತೋಲ ತಪ್ಪದ ನಡಿಗೆ ಅದು. ನಕದಾಯ್ ಕಲಿಯುತ್ತಿದ್ದ ಶಾಲೆಯಲ್ಲಿ ಇಬ್ಸೆನ್, ಚೆಕಾಫ್, ಶೇಕ್ಸ್‌ಪಿಯರ್ ಮೊದಲಾದ ಪಾಶ್ಚಾತ್ಯ ನಾಟಕಕಾರರಿಗೆ ಪ್ರಾಶಸ್ತ್ಯ. ಬೂಟು ತೊಟ್ಟ ಪಾತ್ರಗಳ ನಡುವೆ ಬೆಳೆಯುತ್ತಿದ್ದ ಹುಡುಗನನ್ನು ಏಕಾಏಕಿ ಹದಿನಾರನೆಯ ಶತಮಾನದ ಬೀದಿಗೆ ಇಳಿಸಿದರೆ ಕಾಲು ಹೇಗೆ ಮಾತು ಕೇಳೀತು? ಕುರೊಸಾವಾ ಗದರಿದ್ದು ಒರಟುತನವೇ ಸರಿ. ಆದರೆ ಅವರ ಕಣ್ಣು ಕಂಡದ್ದು ಸುಳ್ಳಲ್ಲ.

ಬೆಂಕಿಮಳೆಯಲ್ಲಿ ಓಡಿದ ಬಾಲಕ

ನಕದಾಯ್ ಹುಟ್ಟಿದ್ದು 1932ರ ಡಿಸೆಂಬರ್ 13ರಂದು, ಟೋಕಿಯೋದಲ್ಲಿ. ಹೆತ್ತವರು ಇಟ್ಟ ಹೆಸರು ಮೊತೊಹಿಸ. ಎಳವೆಯಲ್ಲೇ ತಂದೆ ತೀರಿಕೊಂಡರು. ಮನೆಯಲ್ಲಿ ಬಡತನ. ಅದರ ಮೇಲೆ ಎರಡನೆಯ ಮಹಾಯುದ್ಧ. 1945ರಲ್ಲಿ ಅಮೆರಿಕದ ಬಾಂಬರ್ ವಿಮಾನಗಳು ಟೋಕಿಯೋದ ಮೇಲೆ ಬೆಂಕಿಬಾಂಬುಗಳನ್ನು ಸುರಿದಾಗ ಅವರು ಹನ್ನೆರಡು ವರ್ಷದ ಬಾಲಕ. ಓಡುತ್ತಿದ್ದಾಗ ದಾರಿಯಲ್ಲಿ ಒಂಟಿಯಾಗಿ ಸಿಕ್ಕ, ಗುರುತು ಪರಿಚಯವಿಲ್ಲದ ಪುಟ್ಟ ಹುಡುಗಿಯೊಬ್ಬಳ ಕೈ ಹಿಡಿದುಕೊಂಡು ಓಡಿದರಂತೆ. ಸ್ವಲ್ಪ ದೂರ ಹೋದ ಮೇಲೆ ತಿರುಗಿ ನೋಡಿದರೆ ಹುಡುಗಿ ಇಲ್ಲ. ತಮ್ಮ ಕೈಯಲ್ಲಿ ಉಳಿದದ್ದು ಅವಳ ಕೈ ಮಾತ್ರ. ಮುದಿ ವಯಸ್ಸಿನಲ್ಲೂ ಸಂದರ್ಶನಗಳಲ್ಲಿ ಅವರು ಈ ಸಂಗತಿಯನ್ನು ಹೇಳುತ್ತಿದ್ದರು. ಮಕ್ಕಳು ಓದುವ ಪುಟದಲ್ಲಿ ಇದನ್ನು ಬರೆಯಬೇಕೇ ಎಂದು ನಾನು ಯೋಚಿಸಿದೆ. ಆದರೆ ಇದನ್ನು ಬಿಟ್ಟರೆ, ಯುದ್ಧವನ್ನು ಕುರಿತ ಅವರ ಪಾತ್ರಗಳಲ್ಲಿ ಆ ಅಗಲವಾದ ಕಣ್ಣುಗಳು ಏನನ್ನು ನೋಡುತ್ತಿದ್ದವು ಎಂಬುದು ತಿಳಿಯುವುದಿಲ್ಲ.

ಯುದ್ಧ ಮುಗಿಯಿತು. ಪ್ರೌಢಶಾಲೆ ಮುಗಿಸಿದವನಿಗೆ ವಿಶ್ವವಿದ್ಯಾನಿಲಯದ ಶುಲ್ಕ ಕಟ್ಟುವ ಶಕ್ತಿಯಿರಲಿಲ್ಲ. ಹೊಟ್ಟೆಪಾಡಿಗೆ ಸಣ್ಣಪುಟ್ಟ ಕೆಲಸಗಳನ್ನು ಮಾಡಿದರು. ದೊಡ್ಡ ಪದವಿ ಇಲ್ಲದವನಿಗೂ ಬಾಗಿಲು ತೆರೆದಿದ್ದ ವೃತ್ತಿಗಳಲ್ಲಿ ನಾಟಕವೂ ಒಂದು. 1952ರಲ್ಲಿ ಅವರು ‘ಹೈಯೂಜ’ ಎಂಬ ನಾಟಕ ತಂಡದ ತರಬೇತಿ ಶಾಲೆಗೆ ಸೇರಿದರು. 1944ರಲ್ಲಿ ಸ್ಥಾಪನೆಯಾದ ಈ ತಂಡದ ಜೀವಾಳ ಸೆಂದಾ ಕೊರೆಯಾ ಎಂಬ ನಿರ್ದೇಶಕರು. ಜರ್ಮನಿಯಲ್ಲಿ ಕೆಲಕಾಲ ಇದ್ದು ಬಂದವರು, ಬ್ರೆಕ್ಟ್‌ನ ನಾಟಕಗಳನ್ನು ಜಪಾನಿಗೆ ತಂದವರು. ಉಸಿರಾಟ, ಉಚ್ಚಾರಣೆ, ಪದಗಳ ತೂಕ, ಮೌನದ ಅಳತೆ ಎಲ್ಲವನ್ನೂ ಅಲ್ಲಿ ವ್ಯಾಕರಣದಂತೆ ಕಲಿಸುತ್ತಿದ್ದರು. ಇಬ್ಸೆನ್ನನ ‘ಗೋಸ್ಟ್ಸ್’ ನಾಟಕದ ಓಸ್ವಾಲ್ಡ್ ಪಾತ್ರದಿಂದ 1955ರಲ್ಲಿ ನಕದಾಯ್ ರಂಗಭೂಮಿಯಲ್ಲಿ ಗಮನ ಸೆಳೆದರು. 1964ರಲ್ಲಿ ಅದೇ ಗುರುವಿನ ನಿರ್ದೇಶನದಲ್ಲಿ ಹ್ಯಾಮ್ಲೆಟ್ ಆದರು.

ಕರಾರಿಗೆ ಸಹಿ ಹಾಕದವರು

ಅಂದಿನ ಜಪಾನಿನ ಚಿತ್ರೋದ್ಯಮದ ಕಟ್ಟುಪಾಡನ್ನು ಇಲ್ಲಿ ಹೇಳಬೇಕು. ಶೋಚಿಕು, ತೋಹೊ, ದಾಯೆಯ್ ಮುಂತಾದ ಐದು ದೊಡ್ಡ ಕಂಪೆನಿಗಳು 1953ರಲ್ಲಿ ತಮ್ಮೊಳಗೆ ಒಂದು ಒಪ್ಪಂದ ಮಾಡಿಕೊಂಡಿದ್ದವು. ಒಂದು ಕಂಪೆನಿಯ ನಟನನ್ನು ಇನ್ನೊಂದು ಕಂಪೆನಿ ಸೆಳೆದುಕೊಳ್ಳುವಂತಿಲ್ಲ. ನಟನಿಗೆ ತಿಂಗಳ ಸಂಬಳ ಖಾತ್ರಿ, ವರ್ಷವಿಡೀ ಕೆಲಸ ಖಾತ್ರಿ. ಪ್ರತಿಯಾಗಿ ಅವನು ಆ ಕಂಪೆನಿಯ ಸೊತ್ತು. ನಮ್ಮಲ್ಲಿ ‘ಪರ್ಮನೆಂಟ್ ನೌಕರಿ’ ಎಂದರೆ ಹೆತ್ತವರ ಮುಖ ಅರಳುತ್ತದಲ್ಲವೇ, ಹೆಚ್ಚುಕಡಮೆ ಅಂಥದ್ದೇ. ನಕದಾಯ್ ಅವರಿಗೂ ಕರೆ ಬಂದಿತು. ಅವರು ಯಾವ ಕಂಪೆನಿಗೂ ಕಟ್ಟುಬೀಳಲಿಲ್ಲ. ವರ್ಷದಲ್ಲಿ ಅರ್ಧ ಕಾಲ ರಂಗಭೂಮಿಗೆ, ಉಳಿದರ್ಧ ಸಿನಿಮಾಗೆ ಎಂದು ತಾವೇ ಲೆಕ್ಕ ಹಾಕಿಕೊಂಡರು.

ಕೈಯಲ್ಲಿ ಕಾಸಿಲ್ಲದೆ ಬೆಳೆದ ತರುಣ ಖಾತ್ರಿ ಸಂಬಳವನ್ನು ಬೇಡವೆನ್ನುವುದು ಸಣ್ಣ ಮಾತಲ್ಲ. ಆದರೆ ಆ ಒಂದು ನಿರ್ಧಾರದಿಂದ ಏನಾಯಿತು ನೋಡಿ. ಕಂಪೆನಿಗಳ ಬೇಲಿಯೊಳಗಿದ್ದ ನಟರಿಗೆ ಸಿಗದ ಅವಕಾಶ ಅವರಿಗೆ ಸಿಕ್ಕಿತು. ಕುರೊಸಾವಾ, ಕೊಬಯಾಶಿ, ನರುಸೆ, ಇಚಿಕಾವಾ, ಕಿನೊಶಿತಾ, ತೆಶಿಗಹಾರಾ, ಒಕಮೊತೊ ಹೀಗೆ ಜಪಾನಿನ ಶ್ರೇಷ್ಠ ನಿರ್ದೇಶಕರಲ್ಲಿ ಹೆಚ್ಚಿನವರ ಕೈಕೆಳಗೆ ಅವರು ದುಡಿದರು. ಹತ್ತಿಪ್ಪತ್ತು ವರ್ಷಗಳ ಅವಧಿಯಲ್ಲಿ ಇಷ್ಟೊಂದು ಬಗೆಯ ಗುರುಗಳು ಸಿಕ್ಕ ನಟರು ಪ್ರಪಂಚದಲ್ಲೇ ವಿರಳ.

ಇವರಲ್ಲಿ ಮೊದಲು ಕೈಹಿಡಿದವರು ಮಸಾಕಿ ಕೊಬಯಾಶಿ. ಯುದ್ಧಾಪರಾಧಿಗಳನ್ನು ಕುರಿತ ಅವರ ‘ದಪ್ಪ ಗೋಡೆಗಳ ಕೋಣೆ’ ಎಂಬ ಚಿತ್ರದಲ್ಲಿ ನಕದಾಯ್‌ಗೆ ಸಣ್ಣ ಪಾತ್ರ ಸಿಕ್ಕಿತ್ತು. 1953ರಲ್ಲಿ ತಯಾರಾದ ಆ ಚಿತ್ರ ವಿವಾದದ ಭಯದಿಂದ 1956ರವರೆಗೆ ತೆರೆ ಕಾಣಲೇ ಇಲ್ಲ! ಬಳಿಕ ಅದೇ ನಿರ್ದೇಶಕರು ‘ದಿ ಹ್ಯೂಮನ್ ಕಂಡಿಶನ್’ ಎಂಬ ಮೂರು ಭಾಗಗಳ ಮಹಾಚಿತ್ರದ ನಾಯಕನಾಗಿ ಅವರನ್ನು ಆರಿಸಿದರು. 1959ರಿಂದ 1961ರವರೆಗೆ ಬಿಡುಗಡೆಯಾದ ಈ ಮೂರೂ ಭಾಗ ಸೇರಿದರೆ ಒಂಬತ್ತೂವರೆ ಗಂಟೆಗೂ ಮೀರುತ್ತದೆ. ಯುದ್ಧವನ್ನು ದ್ವೇಷಿಸುವ ಕಾಜಿ ಎಂಬ ತರುಣ ಮಂಚೂರಿಯಾದ ಗಣಿಯಲ್ಲಿ ಬಲವಂತದ ಕೂಲಿಗಳಿಗೆ ನ್ಯಾಯ ಕೊಡಿಸಲು ಹೋಗಿ, ಶಿಕ್ಷೆಯಾಗಿ ಸೈನ್ಯಕ್ಕೆ ತಳ್ಳಿಸಿಕೊಂಡು, ಸೋತ ಸೈನಿಕನಾಗಿ ಅಲೆದು, ಕೊನೆಗೆ ಹಿಮದಲ್ಲಿ ಬಿದ್ದು ಸಾಯುವ ಕಥೆ. ಕೊಬಯಾಶಿ ಸ್ವತಃ ಸೈನಿಕರಾಗಿದ್ದು, ಬಡ್ತಿ ಬೇಡವೆಂದು ಸಾಮಾನ್ಯ ಸಿಪಾಯಿಯಾಗಿಯೇ ಉಳಿದವರು. ಕೊನೆಯ ದೃಶ್ಯಕ್ಕಾಗಿ ಸುರಿಯುವ ಹಿಮದಲ್ಲಿ, ತಮ್ಮ ಮೈ ಒಂದು ದಿಬ್ಬದಂತೆ ಮುಚ್ಚಿಹೋಗುವವರೆಗೆ ಅಲುಗಾಡದೆ ಮಲಗಿದ್ದೆನೆಂದು ನಕದಾಯ್ ನೆನಪಿಸಿಕೊಳ್ಳುತ್ತಿದ್ದರು.

ಇಷ್ಟಾದ ಮೇಲೆ ಕುರೊಸಾವಾ ಅವರಿಂದ ಕರೆ ಬಂತು. ‘ಯೋಜಿಂಬೊ’ (1961) ಚಿತ್ರದಲ್ಲಿ ಖ್ಯಾತ ನಟ ತೊಶಿರೊ ಮಿಫುನೆ ಎದುರು ಖಳನ ಪಾತ್ರ. ಹಳೆಯ ಶಪಥ ನೆನಪಿದ್ದ ನಕದಾಯ್ ಮೊದಲು ಒಲ್ಲೆನೆಂದರು. ಆ ದಿನ ನಿಮಗೆ ನೆನಪಿಲ್ಲದಿರಬಹುದು ಎಂಬ ಧಾಟಿಯಲ್ಲಿ ಮಾತು ಬಂದಾಗ, ಚೆನ್ನಾಗಿ ನೆನಪಿದೆ, ಅದಕ್ಕೇ ನಿನ್ನನ್ನು ಕರೆದದ್ದು ಎಂದರಂತೆ ಕುರೊಸಾವಾ. ಕತ್ತಿಗಳ ಊರಿಗೆ ಪಿಸ್ತೂಲು ಹಿಡಿದು, ಕೊರಳಿಗೆ ಶಾಲು ಸುತ್ತಿಕೊಂಡು ಬರುವ ಆ ನಗುಮುಖದ ಖಳ, ಚಿತ್ರದ ಮಧ್ಯೆ ಬಂದರೂ ಪ್ರೇಕ್ಷಕರ ಮನಸ್ಸಿನಲ್ಲಿ ಮಿಫುನೆಗೆ ಸಮನಾಗಿ ನಿಂತ.

ಮರುವರ್ಷದ ‘ಸಂಜುರೊ’ ಚಿತ್ರದ ಕೊನೆಯ ದೃಶ್ಯ ವಿಜ್ಞಾನದ ವಿದ್ಯಾರ್ಥಿಗಳಿಗೆ ಸ್ವಾರಸ್ಯಕರ. ಇಬ್ಬರು ಯೋಧರು ಎದುರುಬದುರಾಗಿ ನಿಶ್ಚಲರಾಗಿ ನಿಲ್ಲುತ್ತಾರೆ. ಬಹಳ ಹೊತ್ತು ಏನೂ ಆಗುವುದಿಲ್ಲ. ಕಣ್ಣು ಮಿಟುಕಿಸುವಷ್ಟರಲ್ಲಿ ಒಂದೇ ಏಟು. ನಕದಾಯ್ ಎದೆಯಿಂದ ರಕ್ತದ ಕಾರಂಜಿ ಚಿಮ್ಮುತ್ತದೆ. ಉಡುಪಿನೊಳಗೆ ಅಡಗಿಸಿದ್ದ ಕೊಳವೆಗೆ ಒತ್ತಡದಿಂದ ಬಣ್ಣದ ದ್ರವವನ್ನು ನುಗ್ಗಿಸುವ ಏರ್ಪಾಡು. ಒತ್ತಡ ಎಣಿಸಿದ್ದಕ್ಕಿಂತ ಬಹಳ ಹೆಚ್ಚಾಗಿ, ದ್ರವ ಚಿಮ್ಮಿದ ರಭಸಕ್ಕೆ ಅವರು ಹಿಂದಕ್ಕೆ ಬೀಳುವಂತಾದರು. ನ್ಯೂಟನ್ನನ ಮೂರನೆಯ ನಿಯಮ ಅವರ ಎದೆಯ ಮೇಲೇ ಕೆಲಸ ಮಾಡಿತೆನ್ನಬೇಕು. ಆದರೂ ಅವರು ಪಾತ್ರವನ್ನು ಬಿಡಲಿಲ್ಲ. ಆ ಮೊದಲ ಚಿತ್ರಿಕೆಯೇ ಸಿನಿಮಾದಲ್ಲಿ ಉಳಿಯಿತು.

ಎಷ್ಟು ಗಟ್ಟಿಯಾಗಿ ಮಾತಾಡಬೇಕು?

ನನ್ನ ಮಟ್ಟಿಗೆ ನಕದಾಯ್ ಅವರ ಅತ್ಯುತ್ತಮ ಚಿತ್ರ 1962ರ ‘ಹರಾಕಿರಿ’. ಇದೂ ಕೊಬಯಾಶಿಯವರದೇ. ಮರುವರ್ಷ ಕಾನ್ ಚಿತ್ರೋತ್ಸವದಲ್ಲಿ ವಿಶೇಷ ತೀರ್ಪುಗಾರರ ಬಹುಮಾನ ಪಡೆದ ಚಿತ್ರ. ಕೆಲಸ ಕಳೆದುಕೊಂಡ ಬಡ ಸಮುರಾಯ್ ಒಬ್ಬ ದೊಡ್ಡ ಮನೆತನದ ಅಂಗಳದಲ್ಲಿ ಕುಳಿತು, ಆತ್ಮಹತ್ಯೆಗೆ ಮುನ್ನ ತನ್ನ ಕಥೆ ಹೇಳುತ್ತಾನೆ. ಚಿತ್ರದ ಬಹುಭಾಗ ಅವನು ಕುಳಿತೇ ಇರುತ್ತಾನೆ. ಕೈಕಾಲು ಆಡುವಂತಿಲ್ಲ. ಕಥೆ ಸಾಗಬೇಕಾದದ್ದು ದನಿಯಿಂದ. ಆ ಪಾತ್ರಕ್ಕೆ ಮದುವೆಯಾದ ಮಗಳು, ಮೊಮ್ಮಗು ಇದ್ದಾರೆ. ನಟನಿಗೆ ಆಗ ವಯಸ್ಸು ಇಪ್ಪತ್ತೊಂಬತ್ತು!

ಚಿತ್ರೀಕರಣದ ವೇಳೆ ಒಂದು ಜಗಳವಾಯಿತು. ಜಗುಲಿಯ ಮೇಲೆ ಕುಳಿತ ಮನೆತನದ ಅಧಿಕಾರಿಯ ಪಾತ್ರದಲ್ಲಿದ್ದವರು ರೆಂತಾರೊ ಮಿಕುನಿ ಎಂಬ ನುರಿತ ಸಿನಿಮಾ ನಟ. ಮೈಕು ಹತ್ತಿರವೇ ಇದೆಯಲ್ಲ, ನಾಟಕದವರ ಹಾಗೆ ಅಷ್ಟು ಗಟ್ಟಿಯಾಗಿ ಏಕೆ ಮಾತಾಡುತ್ತೀಯೆ ಎಂದು ಅವರ ಆಕ್ಷೇಪ. ನಾನು ಅಂಗಳದಲ್ಲಿದ್ದೇನೆ, ನೀವು ದೂರದ ಜಗುಲಿಯಲ್ಲಿದ್ದೀರಿ, ಆ ದೂರಕ್ಕೆ ತಕ್ಕ ದನಿ ಬೇಡವೇ ಎಂದು ನಕದಾಯ್ ವಾದ. ಚಿತ್ರೀಕರಣ ನಿಂತಿತು. ಕೊಬಯಾಶಿ ನಡುವೆ ಬಾಯಿ ಹಾಕದೆ, ನೀವಿಬ್ಬರೂ ಮಾತಾಡಿಕೊಂಡು ಮುಗಿಸಿ ಎಂದು ಕಾದು ಕುಳಿತರು.

ಇದು ಬರಿಯ ಹಟದ ಜಗಳವಲ್ಲ. ಹತ್ತನೆಯ ತರಗತಿಯ ಹುಡುಗರಿಗೂ ಅರ್ಥವಾಗುವ ಭೌತಶಾಸ್ತ್ರ ಅದರಲ್ಲಿದೆ. ಬಯಲಿನಲ್ಲಿ ದೂರ ಎರಡರಷ್ಟಾದರೆ ಶಬ್ದದ ತೀವ್ರತೆ ನಾಲ್ಕರಲ್ಲಿ ಒಂದು ಭಾಗಕ್ಕೆ ಇಳಿಯುತ್ತದೆ. ದೂರದಲ್ಲಿರುವವನೊಡನೆ ಮಾತಾಡುವ ಮನುಷ್ಯ ತನಗರಿವಿಲ್ಲದೆಯೇ ಈ ಲೆಕ್ಕ ಮಾಡಿ ದನಿ ಏರಿಸುತ್ತಾನೆ. ಉಸಿರು ಹೆಚ್ಚು ತೆಗೆದುಕೊಳ್ಳುತ್ತಾನೆ, ಶಬ್ದಗಳನ್ನು ಬಿಡಿಸಿ ನುಡಿಯುತ್ತಾನೆ. ಮೈಕು ಬಳಿಯಿದೆಯೆಂದು ಪಿಸುಗುಟ್ಟಿದರೆ ಕಿವಿಗೇನೋ ಕೇಳುತ್ತದೆ, ಆದರೆ ಅಂಗಳ ಮಾಯವಾಗುತ್ತದೆ. ಇನ್ನೊಂದು ಕಡೆ, ಕೊನೆಯ ಸಾಲಿನ ಪ್ರೇಕ್ಷಕನಿಗೆಂದು ಪಳಗಿಸಿದ ದನಿಯನ್ನು ಮೈಕಿನೆದುರು ಹಾಗೇ ಬಿಟ್ಟರೆ ಸಿನಿಮಾ ನಾಟಕವಾಗುತ್ತದೆ. ಇಬ್ಬರದೂ ಅರ್ಧ ಸರಿ. ಚಿತ್ರವನ್ನು ನೋಡಿದರೆ, ಅಲ್ಲಲ್ಲ, ಕಣ್ಣು ಮುಚ್ಚಿ ಕೇಳಿದರೆ, ನಕದಾಯ್ ಆ ದೂರವನ್ನೂ ಉಳಿಸಿಕೊಂಡು ನಾಟಕೀಯತೆಯನ್ನೂ ಕಳೆದುಕೊಂಡದ್ದು ತಿಳಿಯುತ್ತದೆ. ತಗ್ಗಿದ, ಒಣಗಿದ, ಅವಸರವಿಲ್ಲದ ದನಿ. ಕೇಳುವವನ ಬೆನ್ನಲ್ಲಿ ಚಳಿ ಹುಟ್ಟುತ್ತದೆ.

ಇಂಥ ದನಿಯನ್ನು ಮುಖವಿಲ್ಲದೆಯೂ ಬಳಸಬಹುದೆಂದು ಚಿತ್ರರಂಗದವರಿಗೆ ಹೊಳೆದದ್ದು ಸಹಜ. 1973ರಲ್ಲಿ ದೊಡ್ಡವರಿಗಾಗಿ ತಯಾರಾದ ‘ಬೆಲ್ಲಡೊನ್ನಾ’ ಎಂಬ ಅನಿಮೇಶನ್ ಚಿತ್ರದಲ್ಲಿ ಅವರು ಸೈತಾನನಿಗೆ ಕಂಠದಾನ ಮಾಡಿದರು. ಜಪಾನಿನ ಮಕ್ಕಳ ಅಚ್ಚುಮೆಚ್ಚಿನ ಅಂತರಿಕ್ಷ ನೌಕೆ ‘ಯಮಾತೊ’ ಸರಣಿಯ 1983ರ ಚಿತ್ರಕ್ಕೆ ನಿರೂಪಣೆಯ ದನಿಯಾದರು. 2014ರ ‘ಜೊವಾನ್ನಿಯ ದ್ವೀಪ’ದಲ್ಲಿ, ಯುದ್ಧಾನಂತರ ಸೋವಿಯತ್ ಸೇನೆ ಬಂದಿಳಿದ ಪುಟ್ಟ ದ್ವೀಪದಲ್ಲಿ ಬಾಲ್ಯ ಕಳೆದವನೊಬ್ಬ ಮುದುಕನಾಗಿ ನೆನಪು ಮಾಡಿಕೊಳ್ಳುವ ದನಿ ಅವರದು. ಬೆಂಕಿಮಳೆಯಲ್ಲಿ ಓಡಿದವರಿಗೆ ಆ ಪಾತ್ರಕ್ಕೆ ಬೇರೆ ತಾಲೀಮು ಬೇಕಾಗಿರಲಿಲ್ಲ.

ಮಕ್ಕಳಿಗೆ ತೋರಿಸಬೇಕಾದದ್ದು 2013ರ ‘ರಾಜಕುಮಾರಿ ಕಗುಯಾಳ ಕಥೆ’. ಇಸಾವೊ ತಕಹತಾ ನಿರ್ದೇಶನದ, ಜಲವರ್ಣದ ಚಿತ್ರಗಳಂತೆ ಕಾಣುವ ಅನಿಮೇಶನ್. ಬಿದಿರು ಕಡಿಯುವ ಮುದುಕನಿಗೆ ಬಿದಿರಿನೊಳಗೆ ಸಿಕ್ಕ ಹೆಣ್ಣುಮಗುವಿನ ಪ್ರಾಚೀನ ಜಪಾನೀ ಕಥೆ. ಜಪಾನಿನ ಅನಿಮೇಶನ್‌ನಲ್ಲಿ ಸಾಮಾನ್ಯವಾಗಿ ಚಿತ್ರ ಮೊದಲು, ದನಿ ನಂತರ. ತುಟಿಯ ಚಲನೆಗೆ ತಕ್ಕಂತೆ ನಟರು ಮಾತನ್ನು ಹೊಂದಿಸುತ್ತಾರೆ. ತಕಹತಾ ಅದನ್ನು ತಿರುಗುಮುರುಗು ಮಾಡಿದರು. ನಟರ ದನಿಯನ್ನು ಮೊದಲೇ ಮುದ್ರಿಸಿಕೊಂಡು, ಅದನ್ನು ಕೇಳುತ್ತ ಚಿತ್ರ ಬರೆಯಿಸಿದರು. ಆದ್ದರಿಂದಲೇ 2012ರಲ್ಲಿ ತೀರಿಕೊಂಡ ನಟ ತಾಕೆಯೊ ಚೀ ಅವರ ದನಿ, ಮರುವರ್ಷ ಬಿಡುಗಡೆಯಾದ ಈ ಚಿತ್ರದಲ್ಲಿ ಬಿದಿರು ಕಡಿಯುವವನಾಗಿ ಕೇಳಿಸುತ್ತದೆ. ಹೀಗೆ ಮಾಡಿದಾಗ ಉಸಿರು ಎಳೆಯುವುದು, ತಡೆಯುವುದು, ಮಾತಿನ ನಡುವೆ ತುಸು ನಿಲ್ಲುವುದು ಇವೆಲ್ಲ ನಟನವೇ ಆಗುತ್ತವೆ. ಕುಂಚ ಅವನನ್ನು ಹಿಂಬಾಲಿಸುತ್ತದೆ.

ನಕದಾಯ್ ಅವರದು ಅದರಲ್ಲಿ ಒಂದು ಸಣ್ಣ ಪಾತ್ರ. ಅರಮನೆಯಂಥ ಮನೆಯಿಂದ ತಪ್ಪಿಸಿಕೊಂಡು ತನ್ನ ಬೆಟ್ಟದೂರಿಗೆ ಓಡಿಬಂದ ರಾಜಕುಮಾರಿಗೆ ಅಲ್ಲಿ ಯಾರೂ ಕಾಣುವುದಿಲ್ಲ. ಮರಗಳೆಲ್ಲ ಬೋಳಾಗಿ ಸತ್ತಂತಿವೆ. ಇದ್ದಿಲು ಸುಡುವ ಮುದುಕನೊಬ್ಬ ಸಿಗುತ್ತಾನೆ. ಊರವರು ಬೇರೆ ಬೆಟ್ಟಕ್ಕೆ ಹೋದರು, ಕಾಡು ಮತ್ತೆ ಬೆಳೆಯಲು ವರ್ಷಗಳು ಬೇಕು, ಮರಗಳು ಸತ್ತಿಲ್ಲ, ವಸಂತಕ್ಕೆ ಕಾಯುತ್ತಿವೆ ಎಂದು ಅವನು ಹೇಳುತ್ತಾನೆ. ಒಂದೆರಡು ನಿಮಿಷದ ಮಾತು. ಎಂಬತ್ತರ ಅಂಚಿನ ಆ ಕೊರಳಿನಲ್ಲಿ ಸಮಾಧಾನ ಹೇಳುವ ಯಾವ ಪ್ರಯತ್ನವೂ ಇಲ್ಲ. ಮರವನ್ನು ಕಂಡು ಗೊತ್ತಿರುವವನು ಇದ್ದದ್ದನ್ನು ಹೇಳಿದಂತೆ ಇದೆ.

ಉರಿಯುವ ಕೋಟೆಯ ಮೆಟ್ಟಿಲುಗಳು

ಮತ್ತೆ ಕುರೊಸಾವಾ ಅವರ ಕಡೆಗೆ ಬರೋಣ. ‘ಕಗೆಮುಶಾ’ (1980) ಚಿತ್ರಕ್ಕೆ ಮೊದಲು ಆಯ್ಕೆಯಾದವರು ನಕದಾಯ್ ಅಲ್ಲ, ಜನಪ್ರಿಯ ನಟ ಶಿಂತಾರೊ ಕತ್ಸು. ತಮ್ಮ ಅಭಿನಯವನ್ನು ತಾವೇ ನೋಡಿಕೊಳ್ಳಲೆಂದು ಅವರು ವಿಡಿಯೋ ಕ್ಯಾಮೆರಾ ತಂದರು. ಕುರೊಸಾವಾ ಬೇಡವೆಂದರು. ಮಾತು ಬೆಳೆಯಿತು, ಕತ್ಸು ಹೊರನಡೆದರು. ಆ ಜಾಗಕ್ಕೆ ಬಂದ ನಕದಾಯ್ ಎರಡು ಪಾತ್ರ ಹೊರಬೇಕಾಯಿತು. ಒಬ್ಬ ತಕೆದಾ ಶಿಂಗೆನ್ ಎಂಬ ಇತಿಹಾಸಪ್ರಸಿದ್ಧ ದೊರೆ. ಇನ್ನೊಬ್ಬ, ದೊರೆಯ ಸಾವನ್ನು ಶತ್ರುಗಳಿಂದ ಮುಚ್ಚಿಡಲು ಅವನ ಜಾಗದಲ್ಲಿ ಕೂರಿಸಿದ, ಅವನದೇ ಹೋಲಿಕೆಯ ಕಳ್ಳ. ಕಳ್ಳ ದೊರೆಯಂತೆ ಕೂರುವುದನ್ನು, ಏಳುವುದನ್ನು ಕಲಿಯಬೇಕು. ನಟನೊಬ್ಬ ನಟನಾಗುವ ಕಥೆಯೇ ಅದು. ಆ ವರ್ಷ ಕಾನ್ ಚಿತ್ರೋತ್ಸವದ ಅತ್ಯುನ್ನತ ಪ್ರಶಸ್ತಿಯನ್ನು ‘ಕಗೆಮುಶಾ’ ಇನ್ನೊಂದು ಚಿತ್ರದೊಡನೆ ಹಂಚಿಕೊಂಡಿತು.

1985ರಲ್ಲಿ ‘ರಾನ್’ ಬಂತು. ಶೇಕ್ಸ್‌ಪಿಯರನ ‘ಕಿಂಗ್ ಲಿಯರ್’ ಜಪಾನೀ ಉಡುಪು ತೊಟ್ಟು ಬಂದ ಚಿತ್ರ. ಮೂವರು ಮಕ್ಕಳಿಗೆ ರಾಜ್ಯ ಹಂಚಿಕೊಟ್ಟು ಹುಚ್ಚನಾಗುವ ಹಿದೆತೊರಾ ಎಂಬ ಮುದಿ ದೊರೆಯ ವಯಸ್ಸು ಎಪ್ಪತ್ತು. ನಕದಾಯ್‌ಗೆ ಐವತ್ತು ದಾಟಿತ್ತಷ್ಟೆ. ಬಣ್ಣ ಹಚ್ಚಲು ದಿನಕ್ಕೆ ನಾಲ್ಕು ಗಂಟೆ ಬೇಕಾಗುತ್ತಿತ್ತು. ಜಪಾನಿನ ‘ನೋ’ ನಾಟಕದ ಮುಖವಾಡಗಳ ಮಾದರಿಯಲ್ಲಿ ಆ ಮುಖವನ್ನು ರೂಪಿಸಿದ್ದರು. ಫ್ಯೂಜಿ ಪರ್ವತದ ತಪ್ಪಲಿನಲ್ಲಿ ಒಂದು ಕೋಟೆಯನ್ನೇ ಕಟ್ಟಿ, ಅದಕ್ಕೆ ನಿಜವಾಗಿ ಬೆಂಕಿಯಿಟ್ಟರು. ಉರಿಯುವ ಕೋಟೆಯೊಳಗಿನಿಂದ ದೊರೆ ಹೊರಬಂದು, ಕಡಿದಾದ ಮೆಟ್ಟಿಲುಗಳನ್ನು ಇಳಿದು, ಎರಡು ಬದಿಗೂ ದಾರಿ ಬಿಟ್ಟು ಸರಿಯುವ ಶತ್ರು ಸೈನಿಕರ ನಡುವೆ ಸಾಗಬೇಕು. ಹುಚ್ಚು ಹಿಡಿದವನ ಕಣ್ಣು ಎಲ್ಲೋ ನೆಟ್ಟಿರಬೇಕಾದ್ದರಿಂದ ಮೆಟ್ಟಿಲನ್ನು ನೋಡುವಂತಿಲ್ಲ. ಎಡವಿದರೆ ಮತ್ತೊಮ್ಮೆ ಎನ್ನುವಂತಿಲ್ಲ, ಏಕೆಂದರೆ ಸುಡಲು ಇನ್ನೊಂದು ಕೋಟೆಯಿಲ್ಲ.

ಅವರು ನಡೆದರು. ಬೆನ್ನ ಹಿಂದೆ ಕೆಂಪು ಜ್ವಾಲೆ, ಹೊಗೆ. ಸೊಂಟ ತಗ್ಗಿಸಿ, ಪಾದ ಜಾರಿಸುತ್ತ, ಅರ್ಧ ಪ್ರೇತದಂತೆ. ಒಂದೇ ಸಲಕ್ಕೆ ಮುಗಿಯಿತು.

ಹೆಸರಿಲ್ಲದ ಶಾಲೆ

ಇಷ್ಟು ಹೆಸರು ಮಾಡಿದವರು ತಾವು ಕಟ್ಟಿದ ಶಾಲೆಗೆ ಇಟ್ಟ ಹೆಸರು ‘ಮುಮೆಯ್‌ಜುಕು’. ‘ಹೆಸರಿಲ್ಲದವರ ಶಾಲೆ’ ಎಂದರ್ಥ. 1957ರಲ್ಲಿ ಅವರ ಕೈಹಿಡಿದ ಯಾಸುಕೊ ಮಿಯಾಜಾಕಿ ಸ್ವತಃ ನಟಿ. ಮುಂದೆ ರಿಯು ತೊಮೊಯೆ ಎಂಬ ಹೆಸರಿನಲ್ಲಿ ನಾಟಕ ಬರೆದು ನಿರ್ದೇಶಿಸಿದವರು. ದಂಪತಿಗಳು 1975ರಲ್ಲಿ ಟೋಕಿಯೋದ ತಮ್ಮ ಮನೆಯಲ್ಲೇ ಈ ಶಾಲೆ ತೆರೆದರು. ವಿದ್ಯಾರ್ಥಿಗಳಿಂದ ಶುಲ್ಕವಿಲ್ಲ. ಮೂರು ವರ್ಷದ ತರಬೇತಿ. ಪ್ರತಿವರ್ಷ ನೂರಾರು ಜನ ಪರೀಕ್ಷೆಗೆ ಬಂದರೆ ಬೆರಳೆಣಿಕೆಯಷ್ಟು ಮಂದಿಗೆ ಪ್ರವೇಶ. ಬೆಳಗಾದರೆ ಓಟ, ಕಸಗುಡಿಸುವುದು, ಆಮೇಲೆ ಉಸಿರಾಟ, ಉಚ್ಚಾರಣೆ. ಸಿನಿಮಾದಿಂದ ಬಂದ ಹಣ ಈ ಶಾಲೆಗೂ ಅದರ ನಾಟಕಗಳಿಗೂ ಹೋಗುತ್ತಿತ್ತು. ಕಾಸಿಲ್ಲದೆ ವಿಶ್ವವಿದ್ಯಾನಿಲಯದ ಬಾಗಿಲಿನಿಂದ ಹಿಂದಿರುಗಿದವರು ತಮ್ಮ ಬಾಗಿಲಿನಲ್ಲಿ ಕಾಸು ಕೇಳಲಿಲ್ಲ.

ಅಲ್ಲಿಗೆ ಬಂದವರಲ್ಲಿ ಒಬ್ಬರ ಕಥೆಯನ್ನು ಹೆತ್ತವರು ಓದಬೇಕು. ನಾಗಾಸಾಕಿ ಪ್ರಾಂತದಿಂದ ಟೋಕಿಯೋಗೆ ಬಂದ ತರುಣನೊಬ್ಬ ಚಿಯೊದಾ ವಾರ್ಡಿನ ಕಚೇರಿಯಲ್ಲಿ ನೌಕರನಾಗಿದ್ದ. ಸರ್ಕಾರಿ ಕೆಲಸ, ಚಿಂತೆಯಿಲ್ಲದ ಬದುಕು. ಒಂದು ದಿನ ಗೆಳೆಯನೊಡನೆ ಗಾರ್ಕಿಯ ‘ಲೋಯರ್ ಡೆಪ್ತ್ಸ್’ ನಾಟಕಕ್ಕೆ ಹೋದ. ವೇದಿಕೆಯ ಮೇಲೆ ನಕದಾಯ್ ಇದ್ದರು. ಆ ಹುಡುಗ ಮುಮೆಯ್‌ಜುಕುವಿನ ಪರೀಕ್ಷೆ ಬರೆದ, ಆಯ್ಕೆಯಾದ, ಕಚೇರಿಗೆ ರಾಜೀನಾಮೆ ಕೊಟ್ಟ. ಜಪಾನೀ ಭಾಷೆಯಲ್ಲಿ ಸರ್ಕಾರಿ ಕಚೇರಿಗೆ ‘ಯಾಕುಶೊ’ ಎನ್ನುತ್ತಾರೆ. ಕಚೇರಿಯಿಂದ ಬಂದವನಿಗೆ ನಕದಾಯ್ ಅದೇ ಹೆಸರನ್ನು ರಂಗನಾಮವಾಗಿ ಇಟ್ಟರು, ಪಾತ್ರಗಳ ಹರವು ದೊಡ್ಡದಾಗಲಿ ಎಂಬ ಹಾರೈಕೆಯನ್ನೂ ಅದರಲ್ಲಿ ಸೇರಿಸಿ. ಆತನೇ ಕೋಜಿ ಯಾಕುಶೊ. ‘ಶಲ್ ವಿ ಡಾನ್ಸ್?’ (1996) ಚಿತ್ರದ ಮೂಲಕ ಜಗತ್ತಿಗೆ ಪರಿಚಿತರಾದ ನಟ. 2023ರ ‘ಪರ್ಫೆಕ್ಟ್ ಡೇಸ್’ ಚಿತ್ರದಲ್ಲಿ ಟೋಕಿಯೋದ ಸಾರ್ವಜನಿಕ ಶೌಚಾಲಯಗಳನ್ನು ತೊಳೆಯುವ ಕಾರ್ಮಿಕನಾಗಿ, ಹೆಚ್ಚು ಮಾತೇ ಇಲ್ಲದ ಪಾತ್ರ ಮಾಡಿ ಕಾನ್ ಉತ್ಸವದಲ್ಲಿ ಶ್ರೇಷ್ಠ ನಟ ಪ್ರಶಸ್ತಿ ಗಳಿಸಿದರು.

ಸರ್ಕಾರಿ ಕೆಲಸ ಬಿಟ್ಟವರೆಲ್ಲ ಯಾಕುಶೊ ಆಗುವುದಿಲ್ಲ. ಅವರೊಡನೆ ಪರೀಕ್ಷೆಗೆ ಕುಳಿತು ಆಯ್ಕೆಯಾಗದ ನೂರಾರು ಮಂದಿಯೂ ಇದ್ದರಲ್ಲ. ಮಕ್ಕಳು ಅಭಿನಯ ಕಲಿಯುತ್ತೇನೆಂದಾಗ ಹೆತ್ತವರ ಎದೆ ಧಸಕ್ಕೆನ್ನುವುದು ಸುಮ್ಮನಲ್ಲ. ಆದರೆ ಆ ಪರೀಕ್ಷೆಯಲ್ಲಿ ಗೆದ್ದವರಿಗೂ ಕಾದಿದ್ದದ್ದು ಬಣ್ಣದ ಬದುಕಲ್ಲ. ಬೆಳಗಿನ ಓಟ, ಕೈಯಲ್ಲಿ ಪೊರಕೆ. ಮಗ ಅಥವಾ ಮಗಳಿಗೆ ಬೇಕಾಗಿರುವುದು ಇದರಲ್ಲಿ ಯಾವುದು ಎಂದು ಕೇಳಿ ನೋಡಬಹುದು.

1996ರಲ್ಲಿ ಪತ್ನಿ ತೀರಿಕೊಂಡರು. ನಕದಾಯ್ ಶಾಲೆಯನ್ನು ಮುಚ್ಚಲಿಲ್ಲ. 2000ದಲ್ಲಿ ‘ಡೆತ್ ಆಫ್ ಎ ಸೇಲ್ಸ್‌ಮನ್’ ನಾಟಕದ ವಿಲ್ಲಿ ಲೋಮನ್ ಆದರು. 2015ರಲ್ಲಿ ಜಪಾನ್ ಸರ್ಕಾರ ಅವರಿಗೆ ಸಂಸ್ಕೃತಿ ಕ್ಷೇತ್ರದ ಅತ್ಯುನ್ನತ ಗೌರವವಾದ ‘ಆರ್ಡರ್ ಆಫ್ ಕಲ್ಚರ್’ ನೀಡಿತು.

ಟೋಕಿಯೋದಿಂದ ದೂರ, ಜಪಾನ್ ಸಮುದ್ರದ ಕಡೆಗೆ ಚಾಚಿಕೊಂಡ ನೋಟೋ ಪರ್ಯಾಯದ್ವೀಪದಲ್ಲಿ ನಾಕಾಜಿಮಾ ಎಂಬ ಸಣ್ಣ ಊರಿದೆ. 1985ರಿಂದ ಮುಮೆಯ್‌ಜುಕುವಿನವರು ಅಲ್ಲಿಗೆ ತಾಲೀಮಿನ ಶಿಬಿರಕ್ಕೆ ಹೋಗುತ್ತಿದ್ದರು. ಊರವರಿಗೂ ನಾಟಕದವರಿಗೂ ನಂಟು ಬೆಳೆದು, 1995ರಲ್ಲಿ ಅಲ್ಲೊಂದು ರಂಗಮಂದಿರವೇ ಎದ್ದಿತು. ಆಸನಗಳು 651. ಅದರ ವಿಶೇಷವೆಂದರೆ ವೇದಿಕೆಯ ಹಿಂಗೋಡೆ ಪೂರ್ತಿಯಾಗಿ ತೆರೆದುಕೊಳ್ಳುತ್ತದೆ. ಹಿಂದೆ ಇರುವುದು ನಿಜವಾದ ಬಯಲು, ನಿಜವಾದ ಮರಗಳು. 2009ರಲ್ಲಿ ‘ಮ್ಯಾಕ್‌ಬೆತ್’ ಆಡಿದಾಗ ಆ ಬಯಲಿನಿಂದ ಕುದುರೆಗಳೇ ಓಡಿಬಂದವು. ಕಾಡು ಕೋಟೆಯತ್ತ ನಡೆದುಬರುವ ದೃಶ್ಯಕ್ಕೆ ಬಣ್ಣದ ಪರದೆ ಬೇಕಾಗಲಿಲ್ಲ.

2024ರ ಜನವರಿ 1ರಂದು ನೋಟೋದಲ್ಲಿ 7.6 ಪ್ರಮಾಣದ ಭೂಕಂಪವಾಯಿತು. ಊರುಗಳು ಹಾಳಾದವು, ರಂಗಮಂದಿರಕ್ಕೂ ಪೆಟ್ಟು ಬಿತ್ತು. ದುರಸ್ತಿಯಾಗಿ 2025ರಲ್ಲಿ ಬಾಗಿಲು ತೆರೆದಾಗ ನಕದಾಯ್ ತಮ್ಮ ತಂಡದೊಡನೆ ಅಲ್ಲಿಗೆ ಹೋದರು. ಆಡಿದ್ದು ಬ್ರೆಕ್ಟ್‌ನ ‘ಮದರ್ ಕರೇಜ್’. 1988ರಲ್ಲಿ ಮೊದಲ ಬಾರಿಗೆ ಅವರು ಮಾಡಿದ್ದ ಹೆಣ್ಣು ಪಾತ್ರ ಅದು. ಯುದ್ಧದ ನಡುವೆ ಗಾಡಿಯಲ್ಲಿ ಸಾಮಾನು ಹೇರಿಕೊಂಡು ವ್ಯಾಪಾರ ಮಾಡುತ್ತ, ಒಬ್ಬೊಬ್ಬರಾಗಿ ಮೂವರು ಮಕ್ಕಳನ್ನೂ ಅದೇ ಯುದ್ಧಕ್ಕೆ ಕಳೆದುಕೊಂಡು, ಕೊನೆಗೆ ಗಾಡಿಯನ್ನು ಒಬ್ಬಳೇ ಎಳೆದುಕೊಂಡು ಹೊರಡುವ ತಾಯಿ. ನಕದಾಯ್‌ಗೆ ಆಗ ತೊಂಬತ್ತೆರಡು ವರ್ಷ. ಆ ವರ್ಷದ ನವೆಂಬರ್ 8ರಂದು ಟೋಕಿಯೋದಲ್ಲಿ ಅವರು ನ್ಯುಮೋನಿಯಾದಿಂದ ತೀರಿಕೊಂಡರು.